ಏಣಿಯ ಪಕ್ಕದ ಕಿಂಡಿ

ಮಾರ್ಚ್ 4

ಅಪ್ಪನಿಗೆ,

ನಿನ್ನೆ, ಮಾರ್ಚ್ ಮೂರನೇ ತಾರೀಕು, ನಮ್ಮ ಸೋಪು ಕಾರ್ಖಾನೆಯಲ್ಲಿ ಎಣ್ಣೆ ಟ್ಯಾಂಕಿನ ಅಳತೆ ನೋಡುವವರನ್ನು ಅಮಾನತಿನಲ್ಲಿಟ್ಟರು. ಫೆಬ್ರವರಿಯಲ್ಲಿ ದೊಡ್ಡ ಟ್ಯಾಂಕಿನಿಂದ ಒಂಬೈನೂರ ಇಪ್ಪತ್ತು ಲೀಟರ್ ಎಣ್ಣೆ ಕದ್ದರೆಂಬುದು ಆರೋಪ. ವಿಚಾರಣೆ ಏಪ್ರಿಲ್ ಒಂಬತ್ತಕ್ಕೆ. ಎಣ್ಣೆ ಹೋದದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಇರುವ ಸಾಕ್ಷಿ ಒಂದೇ, ನಾಲ್ಕು ವರ್ಷದ ಹಿಂದೆ ನೀವು ಲೆಕ್ಕ ಹಾಕಿಕೊಟ್ಟ ಪಟ್ಟಿ.

ಒಂದೂವರೆ ವರ್ಷದ ಮೇಲೆ ಬರೆಯುತ್ತಿರುವುದು ಇದಕ್ಕಾಗಿಯೇ. ಬೇರೆ ಕಾರಣ ಹುಡುಕಬೇಡಿ. ಫೋನು ಮಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ‘ಬರೆದು ಕಳಿಸು’ ಎನ್ನುತ್ತೀರಿ.

ಅಮಾನತಾದವರನ್ನು ಎಲ್ಲರೂ ಕೋಲಣ್ಣ ಎಂದೇ ಕರೆಯುತ್ತಾರೆ. ಹತ್ತೊಂಬತ್ತು ವರ್ಷದಿಂದ ಅವರ ಕೆಲಸ ಒಂದೇ: ಟ್ಯಾಂಕಿನ ಮೇಲೆ ಹತ್ತಿ, ಕಿಂಡಿಯಲ್ಲಿ ಕೋಲು ಇಳಿಸಿ, ಎಷ್ಟು ಸೆಂಟಿಮೀಟರ್ ಒದ್ದೆಯಾಯಿತೆಂದು ಬರೆಯುವುದು. ಮೊದಲು ಅವರದೇ ಒಂದು ಕೋಲಿತ್ತು. ಡ್ರಮ್ಮಿನ ಮೇಲೆ ಡ್ರಮ್ಮು ಎಣ್ಣೆ ಸುರಿದು, ಸುರಿದಷ್ಟಕ್ಕೂ ಗೀಟು ಕೊರೆದುಕೊಂಡಿದ್ದ ಕೋಲು. ಮ್ಯಾನೇಜರ್ ಅದು ಅವೈಜ್ಞಾನಿಕವೆಂದು ಮುರಿಸಿ ಹಾಕಿ, ತಮಗೆ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರಿಂದ, ಅಂದರೆ ನಿಮ್ಮಿಂದ, ಹೊಸ ಪಟ್ಟಿ ಮಾಡಿಸಿದರು. ಇಷ್ಟು ಸೆಂಟಿಮೀಟರಿಗೆ ಇಷ್ಟು ಲೀಟರ್. ಹೋದ ವರ್ಷ ಎಣ್ಣೆ ಹೊರಗೆ ಹೋಗುವ ಕೊಳವೆಗೆ ಮೀಟರ್ ಕೂರಿಸಿದರು. ಅಲ್ಲಿಂದೀಚೆಗೆ ಪಟ್ಟಿ ಹೇಳುವುದಕ್ಕೂ ಮೀಟರ್ ಹೇಳುವುದಕ್ಕೂ ತಾಳೆಯಾಗುತ್ತಿಲ್ಲ.

ನಾನು ಲ್ಯಾಬಿನವಳು, ಇದು ನನ್ನ ಕೆಲಸವಲ್ಲ. ಆದರೂ ಹದಿಮೂರು ತಿಂಗಳ ಅಂಕಿ ತೆಗೆದು ನೋಡಿದೆ. ತುಂಬಿದ ಟ್ಯಾಂಕು ಅರ್ಧಕ್ಕೆ ಇಳಿಯುವಾಗ ಎಣ್ಣೆ ಕಾಣೆಯಾಗುತ್ತದೆ. ಅರ್ಧದಿಂದ ತಳಕ್ಕೆ ಇಳಿಯುವಾಗ ಕಾಣೆಯಾದದ್ದು ವಾಪಸ್ ಬರುತ್ತದೆ. ಕದ್ದ ಮಾಲನ್ನು ಪ್ರತಿ ಸಲವೂ ತಂದು ಸುರಿದುಹೋಗುವ ಕಳ್ಳ ಎಲ್ಲಿದ್ದಾನೆ? ಮ್ಯಾನೇಜರಿಗೆ ಹೇಳಿದೆ. ‘ಕಮ್ಮಿ ಬಂದದ್ದಕ್ಕೆ ವಿಚಾರಣೆ ಮೇಡಂ. ಜಾಸ್ತಿ ಬಂದದ್ದಕ್ಕೆ ಯಾರಾದ್ರೂ ವಿಚಾರಣೆ ಮಾಡ್ತಾರಾ?’ ಎಂದರು. ಪಟ್ಟಿಯೇ ತಪ್ಪಿರಬಹುದಲ್ಲ ಎಂದೆ. ‘ನಮ್ಮ ಮೇಷ್ಟ್ರ ಲೆಕ್ಕ ತಪ್ಪಲ್ಲ. ತಪ್ಪೋದು ಮನುಷ್ಯರು’ ಎಂದರು. ನಿಮ್ಮ ಮಗಳ ಎದುರಿಗೇ.

ಎರಡು ಪ್ರಶ್ನೆ. ಟ್ಯಾಂಕು ಸಮತಟ್ಟಾಗಿ ಮಲಗಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದಿರಾ? ಅದು ಸಮತಟ್ಟಾಗಿಲ್ಲ, ಗಸಿ ಒಂದು ಕಡೆ ಇಳಿಯಲೆಂದು ಬೇಕೆಂದೇ ವಾಲಿಸಿ ಕೂರಿಸಿದ್ದಾರೆ. ಎರಡನೆಯದು: ಪಟ್ಟಿ ತರಲು ಕೋಲಣ್ಣ ನಿಮ್ಮ ಮನೆಗೆ ಬಂದಿದ್ದರಂತೆ, ಟ್ಯಾಂಕು ವಾಲಿರುವುದನ್ನು ಆಗಲೇ ನಿಮಗೆ ಹೇಳಿದ್ದರಂತೆ. ಮ್ಯಾನೇಜರ್ ಇದನ್ನು ಕೇಳಿ ನಕ್ಕು, ‘ಮೇಷ್ಟ್ರ ಮೇಲೆ ಸುಳ್ಳು ಹೊರಿಸಿದ್ದು’ ಎಂದು ಆರೋಪಗಳಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ. ಅವರು ಹೇಳುವುದು ನಿಜವೇ?

ನಿಮ್ಮ ಮಗಳು

*

ಮಾರ್ಚ್ 11

ಮಗಳಿಗೆ,

ಪತ್ರ ತಲುಪಿತು. ಪಟ್ಟಿ ತಪ್ಪಿರಬಹುದು ಎಂಬ ಮಾತನ್ನು ಲೆಕ್ಕ ಹಾಕಿ ನೋಡದೆ ಆಡಬಾರದಿತ್ತು. ನನ್ನ ತರಗತಿಯಲ್ಲಿ ಕೂತಿದ್ದಾಗಲೂ ನಿನ್ನದು ಇದೇ ಚಾಳಿ, ಉತ್ತರ ಮೊದಲು, ಹೆಜ್ಜೆ ಆಮೇಲೆ.

ಹೆಜ್ಜೆ ನಾನು ಹೇಳುತ್ತೇನೆ. ಮಲಗಿಸಿದ ಸಿಲಿಂಡರ್ ಉದ್ದಕ್ಕೆ ತುಸು ವಾಲಿದೆ ಎನ್ನು. ಒಂದು ತುದಿಯಲ್ಲಿ ಎಣ್ಣೆ ಎಷ್ಟು ಏರುತ್ತದೋ ಇನ್ನೊಂದು ತುದಿಯಲ್ಲಿ ಅಷ್ಟೇ ಇಳಿಯುತ್ತದೆ. ನಡುವಿನಲ್ಲಿ ಅಳೆದರೆ ಏರಿದ್ದೂ ಇಳಿದದ್ದೂ ಒಂದನ್ನೊಂದು ಹೊಡೆದುಹಾಕುತ್ತವೆ. ಕೊನೆಗೆ ಉಳಿಯುವ ವ್ಯತ್ಯಾಸ ಅಷ್ಟು ದೊಡ್ಡ ಟ್ಯಾಂಕಿನಲ್ಲಿ ಎರಡು ಮೂರು ಬಕೆಟ್ಟಿನಷ್ಟು. ಅದು ನಗಣ್ಯ. ಪಟ್ಟಿಯಲ್ಲಿ ಅದನ್ನು ಬಿಟ್ಟದ್ದು ಮರೆವಿನಿಂದಲ್ಲ, ತಿಳಿದೇ ಬಿಟ್ಟದ್ದು.

ಮೂವತ್ತೊಂದು ವರ್ಷ ಗಣಿತ, ಅದರಲ್ಲೂ ಬಹುಚರ ಕಲನ, ಪಾಠ ಮಾಡಿದೆ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಅದೇ ಪ್ರಶ್ನೆ: ‘ಇದು ಯಾವ ಕೆಲಸಕ್ಕೆ ಬರುತ್ತೆ ಸರ್?’ ಸೇತುವೆ ಎಂದೆ, ವಿಮಾನ ಎಂದೆ, ಹವಾಮಾನ ಎಂದೆ. ಯಾವ ಸೇತುವೆಯವನೂ ನನ್ನ ಬಾಗಿಲಿಗೆ ಬರಲಿಲ್ಲ. ನಿಮ್ಮ ಕಾರ್ಖಾನೆಯವರು ಬಂದರು. ಆ ಪಟ್ಟಿಯ ಒಂದು ಪ್ರತಿಗೆ ಚೌಕಟ್ಟು ಹಾಕಿಸಿ ತರಗತಿಯ ಗೋಡೆಗೆ ತೂಗುಹಾಕಿದೆ. ಮಾರನೆಯ ವರ್ಷದಿಂದ ಪ್ರಶ್ನೆ ನಿಂತಿತು. ನಾನು ನಿವೃತ್ತನಾದರೂ ಅದು ಅಲ್ಲೇ ಇದೆ. ಇಷ್ಟನ್ನು ತಿಳಿದುಕೊಂಡು ಮಾತಾಡು.

ಪಟ್ಟಿ ಒಯ್ಯಲು ಯಾರು ಬಂದಿದ್ದರೋ ನೆನಪಿಲ್ಲ. ಬಾಗಿಲಿಗೆ ಬಂದವರ ಮಾತನ್ನೆಲ್ಲ ನೆನಪಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

ನಿನ್ನ ತಾಯಿ ಆರೋಗ್ಯವಾಗಿದ್ದಾಳೆ.

ಅಪ್ಪ

*

ಮಾರ್ಚ್ 17

ಅಪ್ಪನಿಗೆ,

ನಿಮ್ಮ ಹೆಜ್ಜೆಗಳಲ್ಲಿ ಒಂದೂ ತಪ್ಪಿಲ್ಲ. ‘ನಡುವಿನಲ್ಲಿ ಅಳೆದರೆ’ ಎಂದು ಬರೆದಿದ್ದೀರಿ. ಕಿಂಡಿ ನಡುವಿನಲ್ಲಿಲ್ಲ. ಏಣಿಯ ಪಕ್ಕದಲ್ಲಿದೆ.

ಮನುಷ್ಯ ಏಣಿ ಹತ್ತಿ ಬಂದು, ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕೋಲು ಇಳಿಸಬೇಕು. ಎಣ್ಣೆ ಜಿಡ್ಡಿನ ದುಂಡು ಬೆನ್ನಿನ ಮೇಲೆ ನಡೆದುಹೋಗಿ ಅಳೆಯಲಿ ಎಂದು ಯಾರೂ ಕಿಂಡಿ ಇಡುವುದಿಲ್ಲ. ಕಾಗದದ ಮೇಲೆ ಮಾತ್ರ ಅದು ತಾನಾಗಿ ನಡುವಿಗೆ ಬರುತ್ತದೆ, ಅಲ್ಲಿದ್ದರೆ ಚಂದವೆಂದು.

ಶನಿವಾರ ನಾನೇ ಹತ್ತಿದೆ. ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಎರವಲು ತಂದಿದ್ದೆ. ಟ್ಯಾಂಕಿನ ಉದ್ದ ಹನ್ನೆರಡು ಮೀಟರ್, ವ್ಯಾಸ ಮೂರು. ಏಣಿಯ ತುದಿಗಿಂತ ಆಚೆಯ ತುದಿ ಹದಿನೆಂಟು ಸೆಂಟಿಮೀಟರ್ ತಗ್ಗು. ಕಿಂಡಿ ಇರುವುದು ನಡುವಿನಿಂದ ನಾಲ್ಕೂವರೆ ಮೀಟರ್ ಈಚೆಗೆ, ಎತ್ತರದ ಕಡೆ. ಹಾಗಾಗಿ ಅಲ್ಲಿ ಇಳಿಸಿದ ಕೋಲು ಯಾವಾಗಲೂ ಆರೂ ಮುಕ್ಕಾಲು ಸೆಂಟಿಮೀಟರ್ ಕಡಿಮೆ ಒದ್ದೆಯಾಗುತ್ತದೆ. ಒಂದು ಬೆರಳುದ್ದ. ಟ್ಯಾಂಕು ತುಂಬಿದ್ದಾಗ ಎಣ್ಣೆಯ ಮೇಲ್ಮೈ ಕಿರಿದು. ಆ ಬೆರಳುದ್ದಕ್ಕೆ ಪಟ್ಟಿ ಸುಮಾರು ಸಾವಿರದ ಐನೂರು ಲೀಟರ್ ಕಡಿಮೆ ಹೇಳುತ್ತದೆ. ಅರ್ಧಕ್ಕೆ ಇಳಿದಾಗ ಮೈ ಅಗಲ. ಆಗ ಎರಡು ಸಾವಿರದ ನಾನೂರು ಕಡಿಮೆ. ಎರಡರ ನಡುವಿನ ಒಂಬೈನೂರು ಲೀಟರೇ ಕೋಲಣ್ಣ ಕದ್ದ ಎಣ್ಣೆ.

ಹೆಜ್ಜೆಗಳನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಕೆಂಪು ಶಾಯಿ ಬಳಸಲು ಜಾಗ ಬಿಟ್ಟಿದ್ದೇನೆ.

ಒಂಬತ್ತು ವರ್ಷದ ಕೆಲಸದಲ್ಲಿ ನಾನು ಎರಡು ಚರಗಳ ಇಂಟಿಗ್ರಲ್ ಹಾಕಿದ್ದು ಇದೇ ಮೊದಲು. ನಮ್ಮ ತರಗತಿಯಲ್ಲಿ ನಲವತ್ತಮೂರು ಜನ ಇದ್ದೆವು. ಒಬ್ಬ ಬಸ್ ಡಿಪೋದಲ್ಲಿ ಪಾಳಿ ಹಾಕುತ್ತಾನೆ. ಒಬ್ಬಳು ವಿಮೆ ಮಾರುತ್ತಾಳೆ. ಇಬ್ಬರು ನಿಮ್ಮ ಹಾಗೆ ಅದನ್ನೇ ಇನ್ನೊಂದು ನಲವತ್ತಮೂರು ಜನಕ್ಕೆ ಹೇಳಿಕೊಡುತ್ತಾರೆ. ಸಂಶೋಧನೆಗೆ ಶಿಫಾರಸು ಪತ್ರ ಕೇಳಿದಾಗ ನೀವು ನನಗೆ, ‘ಅದಕ್ಕೆ ನಿನ್ನ ತಲೆ ಸಾಲದು, ಕೆಲಸ ನೋಡಿಕೋ’ ಎಂದಿರಿ. ನೋಡಿಕೊಂಡೆ. ಸೋಪಿನಲ್ಲಿ ಕ್ಷಾರ ಎಷ್ಟಿದೆ ಎಂದು ದಿನಕ್ಕೆ ಹನ್ನೆರಡು ಸಲ ನೋಡುತ್ತೇನೆ. ಆದರೂ ನಿಮ್ಮ ಪಾಠ ವ್ಯರ್ಥವಾಗಲಿಲ್ಲ, ಕೊನೆಗೂ ಕೆಲಸಕ್ಕೆ ಬಂತು.

ಭಾನುವಾರ ಕೋಲಣ್ಣನ ಮನೆಗೆ ಹೋಗಿದ್ದೆ. ಮುರಿದ ಕುರ್ಚಿಯೊಂದಕ್ಕೆ ಕಾಲು ಜೋಡಿಸುತ್ತ ಕೂತಿದ್ದರು.

‘ಬನ್ನಿ ಮೇಡಂ. ಕಳ್ಳನ ಮನೆಗೆ ಬರೋಕೆ ಧೈರ್ಯ ಬೇಕು.’

‘ಎಣ್ಣೆ ಎಲ್ಲಿ ಬಚ್ಚಿಟ್ಟಿದ್ದೀರಿ?’ ಎಂದೆ.

‘ಅದನ್ನೇ ನನ್ನ ಹೆಂಡತಿನೂ ಕೇಳ್ತಾಳೆ. ಒಂಬೈನೂರು ಲೀಟರ್ ಕದ್ದವನು ಮನೆಗೆ ಒಂದು ತುಂಡು ಸೋಪೂ ತರಲಿಲ್ವಲ್ಲ ಅಂತ ಅವಳಿಗೆ ಸಿಟ್ಟು.’

ನನ್ನ ಲೆಕ್ಕ ವಿವರಿಸಿದೆ. ಪೂರ್ತಿ ಕೇಳಿ, ‘ಇದನ್ನೇ ಅಲ್ವಾ ನಾನು ನಿಮ್ಮಪ್ಪನಿಗೆ ಹೇಳಿದ್ದು, ನೀವು ಸ್ವಲ್ಪ ಉದ್ದ ಮಾಡಿ ಹೇಳಿದ್ರಿ’ ಎಂದರು.

ಮ್ಯಾನೇಜರಿಗೂ ಹಾಳೆ ತೋರಿಸಿದೆ. ‘ಮೇಷ್ಟ್ರು ಬರೆದುಕೊಟ್ಟರೆ ನೋಡೋಣ. ನೀವು ಲ್ಯಾಬ್ ನೋಡ್ಕೊಳ್ಳಿ’ ಎಂದರು. ಆದ್ದರಿಂದ ನನಗೆ ನಿಮ್ಮಿಂದ ಎರಡೇ ವಾಕ್ಯ ಬೇಕು. ಕಿಂಡಿ ನಡುವಿನಲ್ಲಿದೆ ಎಂದು ನೀವು ನೋಡದೆಯೇ ಊಹಿಸಿದಿರಿ ಎಂಬುದೊಂದು. ಈ ಮನುಷ್ಯ ನಿಮಗೆ ಹೇಳಿದ್ದರು ಎಂಬುದು ಇನ್ನೊಂದು, ಅದು ನಿಜವಾಗಿದ್ದರೆ.

ನಿಮ್ಮ ಮಗಳು

*

ಮಾರ್ಚ್ 28

ಮಗಳೇ,

ನಾನು ಬರೆದೆ ಅಂತ ಇವರಿಗೆ ಗೊತ್ತಾಗೋದು ಬೇಡ. ಅಂಚೆಗೆ ಹಾಕೋಕೆ ಅಂತ ಔಷಧಿ ಅಂಗಡಿ ನೆಪ ಮಾಡಿಕೊಂಡು ಹೊರಟಿದ್ದೀನಿ.

ನಿನ್ನ ಕಾಗದ ಬಂದಾಗಿನಿಂದ ಊಟದ ಮೇಜು ನಮ್ಮ ಪಾಲಿಗಿಲ್ಲ. ಒಂದು ಪ್ಲಾಸ್ಟಿಕ್ ಬಾಟಲಿಗೆ ಅರ್ಧ ನೀರು ತುಂಬಿ ಅಡ್ಡ ಮಲಗಿಸಿದ್ದಾರೆ. ಒಂದು ತುದಿಗೆ ಪುಸ್ತಕ ಒತ್ತು ಕೊಟ್ಟಿದ್ದಾರೆ. ಕಾದ ಸೂಜಿಯಲ್ಲಿ ಮೇಲೆ ಎರಡು ತೂತು, ನಡುವಿಗೊಂದು, ತುದಿಗೊಂದು. ನನ್ನ ಹೆಣಿಗೆ ಕಡ್ಡಿ ಇಳಿಸೋದು, ತೆಗೆಯೋದು, ಕನ್ನಡಕ ಏರಿಸಿ ನೋಡೋದು. ಏನ್ರೀ ಇದು ಅಂದರೆ ಸುಮ್ಮನಿರು ಅಂತಾರೆ. ನಾನೇನು ಮಾತಾಡಿದೆ ಅಂತ ಸುಮ್ಮನಿರಬೇಕು? ನಲವತ್ತು ವರ್ಷದಲ್ಲಿ ಇವರು ಕೈಯಲ್ಲಿ ಒಂದು ವಸ್ತು ಹಿಡಿದು ಲೆಕ್ಕ ಮಾಡಿದ್ದು ನಾನು ನೋಡಿರಲಿಲ್ಲ. ಚಾಕ್ ಬಿಟ್ಟರೆ.

ಉತ್ತರ ಗೊತ್ತಾಗಿದೆ ಅಂತ ಮುಖ ನೋಡಿದರೇ ತಿಳಿಯುತ್ತೆ. ಹೇಳಲ್ಲ. ಮುಂದಿನ ತಿಂಗಳು ಕಾಲೇಜಿನವರು ಹೊಸ ಮಕ್ಕಳ ಮುಂದೆ ಮಾತಾಡೋಕೆ ಕರೆದಿದ್ದಾರೆ, ಗಣಿತ ಓದಿದವರಿಗೆ ಎಲ್ಲೆಲ್ಲಿ ಕೆಲಸ ಇದೆ ಅಂತ. ಅದೇ ಪಟ್ಟಿ ತೋರಿಸಿ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದರು. ಆ ಹಾಳೆಗಳನ್ನ ಈಗ ಮಗುಚಿ ಇಟ್ಟಿದ್ದಾರೆ.

ನೀನು ಕೇಳಲಿಲ್ಲ, ಆದರೂ ಹೇಳ್ತೀನಿ. ಆ ಮನುಷ್ಯ ಬಂದಿದ್ದು ನನಗೆ ನೆನಪಿದೆ. ಕುಡಿಯೋಕೆ ನೀರು ಕೊಟ್ಟವಳು ನಾನು. ಏನು ಮಾತಾಡಿದರೋ ಕೇಳಿಸಲಿಲ್ಲ. ಗೇಟಿನ ತನಕ ಹೋದವನು ವಾಪಸ್ ಬಂದಿದ್ದ, ಅಷ್ಟು ಗೊತ್ತು.

ಅಪ್ಪನನ್ನ ಬೈಯಬೇಡ ಅಂತ ನಾನು ಹೇಳಲ್ಲ. ಎಲ್ಲಾ ಒಂದೇ ಕಾಗದದಲ್ಲಿ ಬೈಯಬೇಡ. ಶಿಫಾರಸಿನ ವಿಷಯಕ್ಕೆ ಇದು ಹೊತ್ತಲ್ಲ.

ಅಮ್ಮ

*

ಏಪ್ರಿಲ್ 2

ಅಪ್ಪನಿಗೆ,

ಇನ್ನು ಒಂದು ವಾರ.

ಮ್ಯಾನೇಜರ್ ಕೋಲಣ್ಣನನ್ನು ಕರೆಸಿ, ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಪೊಲೀಸರಿಗೆ ಕೊಡುವುದಿಲ್ಲ, ಸುಮ್ಮನೆ ಮನೆಗೆ ಕಳಿಸುತ್ತೇವೆ ಎಂದಿದ್ದಾರೆ. ಸಹಿ ಹಾಕದೆ ವಿಚಾರಣೆಯಲ್ಲಿ ಸೋತರೆ ಪೊಲೀಸು. ಒಂಬತ್ತನೇ ತಾರೀಕು ಹತ್ತು ಗಂಟೆಗೆ ಉತ್ತರ ಹೇಳಬೇಕು. ‘ಹತ್ತೊಂಬತ್ತು ವರ್ಷ ಎಣ್ಣೆ ಅಳೆದೆ, ಇಂಥ ಜಾರಿಕೆ ನೋಡಿರಲಿಲ್ಲ’ ಎಂದರು ಕೋಲಣ್ಣ ನನಗೆ.

ನನ್ನ ಮೇಲಿನ ಸಿಟ್ಟನ್ನು ಬೇರೆ ಇಟ್ಟುಕೊಂಡಿರಿ. ಅದಕ್ಕೆ ಗಡುವಿಲ್ಲ.

ನಿಮ್ಮ ಮಗಳು

*

ಏಪ್ರಿಲ್ 5

ಮಗಳಿಗೆ,

ನಿನ್ನ ಹಾಳೆ ನೋಡಿದೆ. ಕೆಂಪು ಶಾಯಿಗೆ ಕೆಲಸವಿರಲಿಲ್ಲ. ಕಿಂಡಿ ನಡುವಿನಲ್ಲಿದೆ ಎಂದು ನಾನು ನೋಡದೆಯೇ ಊಹಿಸಿದ್ದೆ.

ಈಗ ಬರೆಯುವುದನ್ನು ನಿನ್ನ ತಾಯಿಗೂ ಹೇಳಿಲ್ಲ. ಅವನು ಬಂದಿದ್ದ. ಬಾಗಿಲಲ್ಲೇ ನಿಂತು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಓದಲು ಬರುತ್ತದೆಯೇ ಎಂದು ಕೇಳಿದೆ. ‘ಅಂಕಿ ಓದ್ತೀನಿ ಸರ್’ ಎಂದ. ಆಮೇಲೆ, ‘ನೂರೈವತ್ತು ಸೆಂಟಿಮೀಟರಿಗೆ ನನ್ನ ಕೋಲು ಇದಕ್ಕಿಂತ ಎರಡು ಸಾವಿರದ ಮೇಲೆ ಜಾಸ್ತಿ ಹೇಳ್ತಿತ್ತು. ಟ್ಯಾಂಕು ವಾಲಿದೆ ಸರ್. ಅದು ಇದರಲ್ಲಿ ಬಂದಿದೆಯಾ?’ ಎಂದು ಕೇಳಿದ. ಅದು ನಗಣ್ಯ ಎಂದೆ. ‘ಹಾಗಂದ್ರೆ?’ ಎಂದ. ‘ಲೆಕ್ಕಕ್ಕಿಲ್ಲ ಅಂತ’ ಎಂದೆ. ತಲೆಯಾಡಿಸಿ ಹೊರಟವನು ಗೇಟಿನಿಂದ ವಾಪಸ್ ಬಂದು, ‘ಒಂದು ಸಲ ಬಂದು ನೋಡ್ತೀರಾ ಸರ್? ಏಣಿ ನಾನು ಹಿಡ್ಕೊಳ್ತೀನಿ’ ಎಂದ. ನಾನು ಬಾಗಿಲು ಹಾಕಿಕೊಂಡೆ.

ನೆನಪಿಲ್ಲ ಎಂದು ನಿನಗೆ ಬರೆದದ್ದು ಸುಳ್ಳು. ಮರೆತಿರಲಿಲ್ಲ. ಎರಡು ಸಾವಿರ ಲೀಟರ್ ವ್ಯತ್ಯಾಸವಿದೆ ಎಂದು ಒಬ್ಬ ಹೇಳಿದ ಮೇಲೆ ಯಾವ ವಿದ್ಯಾರ್ಥಿಯಾದರೂ ಮತ್ತೊಮ್ಮೆ ನೋಡುತ್ತಿದ್ದ. ಕೋಲಿನಲ್ಲಿ ಗೀಟು ಕೊರೆದವನು ಹೇಳಿದನೆಂದು ನಾನು ನೋಡಲಿಲ್ಲ.

ಇದರ ಜೊತೆಗೆ ಒಂದು ಪ್ರಮಾಣಪತ್ರ ಇಟ್ಟಿದ್ದೇನೆ. ಟ್ಯಾಂಕಿನ ಅಡಿಪಾಯ ಈಚೆಗೆ ಒಂದು ಬದಿ ಕುಸಿದಿರುವುದರಿಂದ ಹಳೆಯ ಪಟ್ಟಿ ಈಗ ಅನ್ವಯಿಸುವುದಿಲ್ಲ, ಕಂಡುಬಂದ ಕೊರತೆಗೆ ಅದೇ ಕಾರಣ ಎಂದು ಬರೆದು ಸಹಿ ಹಾಕಿದ್ದೇನೆ. ನಿನ್ನ ಮ್ಯಾನೇಜರ್ ಇದನ್ನು ಒಪ್ಪುತ್ತಾನೆ. ಅವನನ್ನು ನಾನು ಬಲ್ಲೆ. ಕಳವಿನ ಆರೋಪ ಬಿದ್ದುಹೋಗುತ್ತದೆ. ನೆಲ ಕುಸಿಯಿತು ಎಂದರೆ ಯಾರ ತಪ್ಪೂ ಅಲ್ಲ. ಅವನು ನನಗೆ ಮೊದಲೇ ಹೇಳಿದ್ದ ಎನ್ನುವ ಮಾತು ಮಾತ್ರ ಸುಳ್ಳಾಗಿಯೇ ಉಳಿಯುತ್ತದೆ. ಅದಕ್ಕೆ ಹೆಚ್ಚೆಂದರೆ ಒಂದು ಎಚ್ಚರಿಕೆ ಪತ್ರ ಕೊಟ್ಟಾರು.

ಈ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ. ಈ ಪತ್ರ ಓದಿ ಹರಿದುಹಾಕು.

ನಿನ್ನ ತಲೆಯ ಬಗ್ಗೆ ನಾನು ಹೇಳಿದ್ದೂ ನೋಡದೆ ಹೇಳಿದ್ದೇ.

ಅಪ್ಪ

*

ಏಪ್ರಿಲ್ 8

ಅಪ್ಪನಿಗೆ,

ನಿಮ್ಮ ಲಕೋಟೆ ಇವತ್ತು ಮಧ್ಯಾಹ್ನ ಬಂತು. ಕೆಲಸ ಮುಗಿಸಿ ನೇರ ಕೋಲಣ್ಣನ ಮನೆಗೆ ಹೋಗಿ ಎರಡನ್ನೂ ಓದಿ ಹೇಳಿದೆ, ಪ್ರಮಾಣಪತ್ರವನ್ನೂ ಪತ್ರವನ್ನೂ. ಕೊನೆಯ ಸಾಲು ಓದಲಿಲ್ಲ, ಅದು ನನಗೆ ಬರೆದದ್ದು. ಹತ್ತು ವರ್ಷ ತಡವಾಗಿ ಬಂದಿದೆ. ಅದಕ್ಕೆ ಏನು ಉತ್ತರ ಬರೆಯಬೇಕೋ ನನಗಿನ್ನೂ ತಿಳಿದಿಲ್ಲ, ಇವತ್ತು ಬರೆಯುವುದಿಲ್ಲ.

ಅವರು ಮೊದಲು ಪ್ರಮಾಣಪತ್ರದ ಬಗ್ಗೆ ಹೇಳಿದರು. ‘ನೆಲ ಕುಸಿದಿಲ್ಲ ಮೇಡಂ. ಆ ಟ್ಯಾಂಕಿನ ಕಾಲು ಕೂರಿಸುವಾಗ ಮಟ್ಟ ನೋಡೋ ದಾರ ಹಿಡಿದವನೇ ನಾನು. ಅವತ್ತು ಎಷ್ಟು ವಾಲಿತ್ತೋ ಇವತ್ತೂ ಅಷ್ಟೇ ವಾಲಿದೆ.’

‘ಆದರೆ ಇದರಿಂದ ನಿಮ್ಮ ಕೆಲಸ ಉಳಿಯುತ್ತೆ’ ಎಂದೆ.

‘ಉಳಿಯುತ್ತೆ.’

‘ಮ್ಯಾನೇಜರ್ ಇದನ್ನೇ ಸುಲಭವಾಗಿ ಒಪ್ಪುತ್ತಾರೆ. ಇನ್ನೊಂದು ಕೊಟ್ಟರೆ ಅವರಿಗೂ ಅವಮಾನ, ಏನು ಮಾಡ್ತಾರೋ ಗೊತ್ತಿಲ್ಲ.’

ಅವರ ಹೆಂಡತಿ ಒಳಗಿನಿಂದ, ‘ಬದುಕಿದ್ವಿ ಅಂದುಕೊಂಡು ಮೊದಲನೇದು ಕೊಡ್ರಿ’ ಎಂದರು. ಕೋಲಣ್ಣ ನಕ್ಕರು. ‘ಕಳ್ಳ ಅನ್ನಿಸಿಕೊಳ್ಳೋದು ತಪ್ಪಿದರೆ ಸಾಕು ಮೇಡಂ. ಸುಳ್ಳ ಅನ್ನಿಸಿಕೊಂಡು ನಾಲ್ಕು ವರ್ಷ ಆಯ್ತು, ಅಭ್ಯಾಸ ಆಗಿದೆ. ಅವರು ನಿಮ್ಮಪ್ಪ. ಯಾವುದು ಕೊಡಬೇಕು ಅಂತ ನೀವೇ ನೋಡಿ.’

ಇದನ್ನು ಅವರು ಕಹಿಯಿಲ್ಲದೆ ಹೇಳಿದರು. ನನಗೆ ಹಾಗೆ ಹೇಳಲು ಬರುವುದಿಲ್ಲ.

ಮನೆಗೆ ಬಂದು ನಿಮ್ಮ ಪತ್ರದಿಂದ ಕಿಂಡಿಯ ವಿಷಯ ಮಾತ್ರ ನಕಲು ಮಾಡಿ, ಬಾಗಿಲಲ್ಲಿ ನಡೆದ ಮಾತುಕತೆಯನ್ನು ಬಿಟ್ಟುಬಿಡೋಣವೇ ಎಂದು ಯೋಚಿಸಿದೆ. ಅರ್ಧ ನಕಲು ಮಾಡಿಯೂ ಆಯಿತು. ಬಿಟ್ಟದ್ದನ್ನು ನೋಡಿದೆ. ಬಿಟ್ಟದ್ದೆಲ್ಲ ಕೋಲಣ್ಣ ಆಡಿದ ಮಾತೇ. ಲೆಕ್ಕ ಸರಿಯಾಗಿತ್ತು, ಮನುಷ್ಯ ಮತ್ತೆ ನಗಣ್ಯನಾಗಿದ್ದ. ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ನಿಮ್ಮ ಪತ್ರವನ್ನು ಹರಿದಿಲ್ಲ.

ನಾಳೆ ಹತ್ತು ಗಂಟೆಗೆ ವಿಚಾರಣೆ. ಏಪ್ರಿಲ್ ಐದರ ನಿಮ್ಮ ಪತ್ರವನ್ನು ಪೂರ್ತಿಯಾಗಿ, ನಿಮ್ಮ ಕೈಬರಹದಲ್ಲೇ ಕೊಡುತ್ತೇನೆ. ಮ್ಯಾನೇಜರ್ ಅದನ್ನು ಗಟ್ಟಿಯಾಗಿ ಓದುತ್ತಾರೆ. ಅವರ ಪದ್ಧತಿ ಹಾಗೆ. ಕೊನೆಯ ಸಾಲನ್ನೂ ಓದುತ್ತಾರೆ, ತಡೆಯಲು ಆಗುವುದಿಲ್ಲ. ಕಾಲೇಜಿಗೆ ಸುದ್ದಿ ಮುಟ್ಟಲು ಎರಡು ದಿನ ಬೇಕಾಗಬಹುದು. ಮಾತಾಡಲು ಹೋಗುವುದೋ ಬಿಡುವುದೋ ಅಷ್ಟರೊಳಗೆ ಯೋಚಿಸಿ. ನಾನು ನಿಮ್ಮ ಅನುಮತಿ ಕೇಳುತ್ತಿಲ್ಲ, ಕ್ಷಮೆಯನ್ನೂ ಕೇಳುತ್ತಿಲ್ಲ. ಅಮ್ಮನಿಗೆ ನೀವೇ ಮೊದಲು ಹೇಳಿ.

ಪ್ರಮಾಣಪತ್ರವನ್ನು ಈ ಪತ್ರದ ಜೊತೆಗೇ ವಾಪಸ್ ಕಳಿಸುತ್ತಿದ್ದೇನೆ. ನನ್ನ ಹತ್ತಿರ ಇದ್ದರೆ, ಅಲ್ಲಿ ಮೇಜಿನ ಮುಂದೆ ನಿಂತಾಗ, ಕೈ ಯಾವ ಕಾಗದ ತೆಗೆಯುತ್ತದೋ ಹೇಳಲಾರೆ. ಲಕೋಟೆ ಅಂಟಿಸಿ ಚೀಲದಲ್ಲಿಟ್ಟು ಮಲಗುತ್ತೇನೆ. ಬೆಳಿಗ್ಗೆ ಹೋಗುವ ದಾರಿಯಲ್ಲಿ, ಕಾರ್ಖಾನೆಯ ಗೇಟಿಗಿಂತ ಮೊದಲು, ಅಂಚೆ ಡಬ್ಬಿ ಸಿಗುತ್ತದೆ.

ನಿಮ್ಮ ಮಗಳು